ಲೆಕ್ಕಕ್ಕಿಲ್ಲದ ಬಲಗೈ

ನೋವಿರಲಿಲ್ಲ. ತೊಂದರೆಯೇ ಅದು.

ಸ್ಟಾಫ್ ರೂಮಿನ ಬೀರುವಿನ ಮೇಲಿಂದ ಸಂಗಮೇಶ ಚಾಕ್‌ಪೀಸಿನ ಡಬ್ಬಿ ಇಳಿಸಿದ. ಬಲಗೈ ಯಾರದೋ ಎರವಲು ಕೈಯಂತೆ ಸಲೀಸಾಗಿ ಎದ್ದಿತು. ಹೆಬ್ಬಾಳದ ಡಾಕ್ಟರು ಭುಜದ ಕೀಲಿಗೆ ಸ್ಟೀರಾಯ್ಡ್ ಚುಚ್ಚಿ ಹತ್ತು ದಿನವಾಗಿತ್ತು. "ನಿಧಾನಕ್ಕೆ ಎತ್ತಿ ಇಳಿಸಿ. ಭಾರ ಮಾತ್ರ ಬೇಡ" ಎಂದಿದ್ದರು. ಮೀಟಿಂಗಿನ ಬಗ್ಗೆ ಏನೂ ಹೇಳಿರಲಿಲ್ಲ.

ವಿದ್ಯಾರಣ್ಯಪುರದ ಆ ಖಾಸಗಿ ಕಾಲೇಜಿನಲ್ಲಿ ಎಲ್ಲವೂ ಸಿಬ್ಬಂದಿಯ ಒಪ್ಪಿಗೆಯಿಂದಲೇ ನಡೆಯುತ್ತಿತ್ತು. ಅಧ್ಯಕ್ಷ ನಾಗಭೂಷಣ ಕೇಳುತ್ತಿದ್ದ. ಎಲ್ಲರೂ ಕೈ ಎತ್ತುತ್ತಿದ್ದರು. ಭಾನುವಾರದ ಕೆಲಸಕ್ಕೆ ಎತ್ತಿದ್ದರು. ಇನ್‌ಕ್ರಿಮೆಂಟ್ ಬೇಡವೆಂದೂ ಎತ್ತಿದ್ದರು. ಭುಜ ಹಿಡಿದುಕೊಂಡ ಮೇಲೆ ಸಂಗಮೇಶನಿಗೊಬ್ಬನಿಗೆ ವಿನಾಯಿತಿ. "ರಾಜ್ಯಶಾಸ್ತ್ರದ ಮೇಷ್ಟ್ರು ಕೈ ಏಳಕ್ಕಿಲ್ಲ, ಬಿಡ್ರಪ್ಪ," ಎನ್ನುತ್ತಿದ್ದ ಅಧ್ಯಕ್ಷ. ನಗು. ಆ ನಗುವಿನ ಮರೆಯಲ್ಲಿ ಅವನು ಪ್ರಾಮಾಣಿಕನಾಗಿ ಉಳಿದಿದ್ದ. ಹಾಗಂದುಕೊಂಡಿದ್ದ.

"ಭುಜ ಹೇಗಿದೆ ಸರ್?" ಗಣಿತದ ಶಾಂತಲಾ ಕೇಳಿದರು.

"ಐತ್ರೀ."

"ಇವತ್ತು ಇಂಗ್ಲಿಷಿನ ರೂಬಿ ವಿಷಯ. ಕೆಲಸದಿಂದ ತೆಗೀತಾರಂತೆ."

"ಹೆರಿಗೆ ರಜೆ ಕೇಳಿದ್ದಕ್ಕ?"

"ಹಾಗಂತ ಬರೀತಾರಾ? ಸಿಬ್ಬಂದೀನೇ ಬೇಡ ಅಂದ್ರು ಅಂತ ಬರೀತಾರೆ." ಶಾಂತಲಾ ದನಿ ತಗ್ಗಿಸಿದರು. "ನಿಮಗೇನು, ಪುಣ್ಯವಂತರು. ಇನ್ನೊಂದು ತಿಂಗಳು ನೋವು ಅಂದ್ಬಿಡಿ."

ಮೀಟಿಂಗಿನಲ್ಲಿ ರೂಬಿಯ ಕುರ್ಚಿಯನ್ನು ಮೊದಲೇ ತೆಗೆದಿದ್ದರು.

"ಆಯಮ್ಮನ ಪಾಠ ನಿಮ್ಗೇ ಬೇಜಾರಾಗ್ಬುಟ್ಟದೆ," ನಾಗಭೂಷಣ ಸುತ್ತಿ ಬಳಸಲಿಲ್ಲ. "ಔದು ಅನ್ನೋರು ಇಂಗೆ ಕೈ ಎತ್ತುಬುಡಿ. ಊಟ ಆರೋಯ್ತದೆ."

ಕೈಗಳು ಎದ್ದವು. ಶಾಂತಲಾ ಅವರದು ಕೊನೆಗೆ, ಕಿವಿಯ ಎತ್ತರಕ್ಕೆ. ಸಂಗಮೇಶ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ.

"ಮೇಷ್ಟ್ರುದು ಏಳಕ್ಕಿಲ್ವಲ್ಲ. ಒಪ್ಗೆ ಅಂತ್ಲೇ ಬರ್ಕೊಳಮ್ಮ," ನಾಗಭೂಷಣ ಗುಮಾಸ್ತೆ ಕೀರ್ತಿಗೆ ಹೇಳಿದ.

"ನನ್ನ ಕೈ ಏಳತೈತ್ರೀ."

"ಸಂತೋಸ. ಎತ್ತಿ ಮತ್ತೆ."

"ಎತ್ತಂಗಿಲ್ರೀ."

"ಪಾಪ, ನೋವು. ನಾಚ್ಕೆ ಯಾಕೆ ಮೇಷ್ಟ್ರೇ?"

"ನೋವಿಲ್ಲ. ಒಪ್ಪಿಗೆ ಇಲ್ಲ."

"ಇಂಜೆಕ್ಷನ್ನು ತಲೆಗೇರ್ಬುಟ್ಟದೆ," ಎಂದ ನಾಗಭೂಷಣ. ಎಲ್ಲರೂ ನಕ್ಕರು. ನಗುವಾಗಲೂ ಯಾರೂ ಕೈ ಇಳಿಸಲಿಲ್ಲ.

ಎತ್ತಿದರೆ ಒಪ್ಪಿಗೆ. ಎತ್ತದಿದ್ದರೆ ಕಾಯಿಲೆ. ಇಷ್ಟು ವರ್ಷ ಪ್ರಜಾಪ್ರಭುತ್ವ ಬೋಧಿಸಿದವನ ನೋಟ್ಸಿನಲ್ಲಿ ಮೂರನೆಯ ಉತ್ತರವಿರಲಿಲ್ಲ.

"ಆಯ್ತು, ಇಳ್ಸಿ."

ಕೈಗಳು ಬಿದ್ದವು, ಕುರ್ಚಿಗಳು ಸರಿದವು. ಸಂಗಮೇಶ ಆಗ ಎದ್ದು ನಿಂತ. ಬಲಗೈಯನ್ನು ಮೊಣಕೈ ಬಾಗದಂತೆ, ಫ್ಯಾನಿನತ್ತ ನೇರ ಎತ್ತಿದ.

"ಬ್ಯಾಡ ಅನ್ನೋರು ಯಾರು ಅಂತ ಕೇಳ್ರಿ."

ನಾಗಭೂಷಣ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ತಿರುಗಲಿಲ್ಲ.

"ಬನ್ನಿ ಸರ್, ಊಟಕ್ಕೆ," ಎಂದರು ಶಾಂತಲಾ, ನೆಲ ನೋಡುತ್ತ.

"ಕೇಳ್ಲಿ. ಆಮ್ಯಾಲೆ ಇಳಸ್ತೀನಿ."

ಅವರೂ ಹೋದರು. ಪಕ್ಕದ ಕೋಣೆಯಲ್ಲಿ ತಟ್ಟೆಗಳ ಸದ್ದು. ಭುಜದ ಬುಡದಲ್ಲಿ ಸಣ್ಣಗೆ ಏನೋ ಕುಟುಕತೊಡಗಿತು. ಅವನು ಕೈಯನ್ನು ಇನ್ನಷ್ಟು ಮೇಲಕ್ಕೆ ಚಾಚಿದ.

ಕೀರ್ತಿ ಮೊಬೈಲ್ ಹಿಡಿದು ಓಡಿ ಬಂದಳು.

"ಅಯ್ಯೋ, ಎಲ್ಲಾ ಎತ್ತಿದಾಗ ಒಪ್ಪಿಗೆ ಫೋಟೋ ತೆಗೆಯೋದೇ ಮರ್ತಿದ್ದೆ ಸರ್. ಅಧ್ಯಕ್ಷರು ಬೈತಾರೆ. ನಿಮ್ದೊಂದು ಸಿಕ್ಕಿದ್ರೂ ಸಾಕು. ಹಂಗೇ ಇರಿ."

ಅವನು ಹಾಗೇ ಇದ್ದ.