ಅತ್ತೆಯ ಲೋಟಕ್ಕೆ ಎಷ್ಟು ಗ್ರಾಂ

ನಮ್ಮತ್ತೆ ಮಾಡುವ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತದೆ. ನಾನು ಮಾಡಿಸಿದ್ದನ್ನು ಒಡೆಯಲು ಸುತ್ತಿಗೆ ಬೇಕು. ಎರಡಕ್ಕೂ ಹಾಕಿದ್ದು ಅದೇ ಹಿಟ್ಟು, ಅದೇ ಬೆಣ್ಣೆ, ಅದೇ ಸಕ್ಕರೆ.

ಆಸ್ಪತ್ರೆಯ ಕ್ಯಾಂಟೀನಿನವರು ದಿನಕ್ಕೆ ಸಾವಿರ ಬಿಸ್ಕತ್ತು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಆ ಮಾತು ನಂಬಿ ನಾನು ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟೆ. ಸಾವಿರ ಎಂದರೆ ಮನೆಯಲ್ಲಿ ಆಗುವ ಕೆಲಸವಲ್ಲ, ಪಕ್ಕದ ಬೀದಿಯ ಬೇಕರಿಯ ಯಂತ್ರದಲ್ಲೇ ಕಲಸಬೇಕು. ಬೇಕರಿಯವನು ಮೊದಲೇ ಹೇಳಿಬಿಟ್ಟ: "ಲೋಟ ಗೀಟ ಎಲ್ಲ ನಂಗೊತ್ತಿಲ್ಲಮ್ಮ. ಎಲ್ಲಾನೂ ಗ್ರಾಂನಲ್ಲಿ ಬರ್ಕೊಂಡು ಬನ್ನಿ." ಅತ್ತೆಗೋ ಲೋಟ ಬಿಟ್ಟರೆ ಬೇರೆ ಅಳತೆ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನಡುವೆ ಸಿಕ್ಕವಳು ನಾನು.

ಪಂಪು ರಿಪೇರಿ ಮಾಡುವ ನನ್ನ ಗಂಡ ಮೊದಲ ದಿನವೇ ಬುದ್ಧಿವಂತಿಕೆ ತೋರಿಸಿದ. "ಈ ಲೋಟದಲ್ಲಿ ನೀರು ಇನ್ನೂರ ನಲವತ್ತು ಗ್ರಾಂ ಹಿಡಿಯುತ್ತೆ ಕಣೆ. ಹಿಟ್ಟೂ ಅಷ್ಟೇ, ಬರ್ಕೋ." ಬರೆದುಕೊಂಡೆ. ಹಿಟ್ಟು ಉಂಡೆ ಕಟ್ಟದೆ ಮರಳಿನ ಹಾಗೆ ಉದುರಿತು. ಹಿಟ್ಟು ನೀರಿಗಿಂತ ಹಗುರ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಎರಡನೆಯ ದಿನ ತಕ್ಕಡಿ ತಂದೆ. ಅತ್ತೆ ಅಳೆದರು, ನಾನು ಪಕ್ಕದಲ್ಲೇ ನಿಂತು ತೂಗಿದೆ. ಲೋಟಕ್ಕೆ ನೂರ ಅರವತ್ತು. ಈ ಸಲ ಬಿಸ್ಕತ್ತೇನೋ ಆಯಿತು. ಕ್ಯಾಂಟೀನಿನ ಮೇಲ್ವಿಚಾರಕಿ ಒಂದನ್ನು ಕಚ್ಚಿ ಕೆನ್ನೆ ಹಿಡಿದುಕೊಂಡರು. "ನಮ್ಮಲ್ಲಿ ಅರ್ಧ ರೋಗಿಗಳಿಗೆ ಹಲ್ಲೇ ಇಲ್ಲಮ್ಮ. ನಾಳೆ ಮೂರು ಗಂಟೆಗೆ ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ಬೇರೆಯವರಿಗೆ ಹೇಳ್ತೀನಿ."

ಮನೆಗೆ ಬಂದಾಗ ಸಿಟ್ಟು ನೆತ್ತಿಗೇರಿತ್ತು. "ಏನು ಬಚ್ಚಿಡ್ತಿದೀರಿ ಅತ್ತೆ? ನಿಜ ಹೇಳಿ!"

"ಬಚ್ಚಿಡೋಕೆ ಅದೇನು ಚಿನ್ನಾನಾ? ಕಾಲು ಕೇಜಿ ಬೆಣ್ಣೆ ಪೊಟ್ಟಣ ಒಂದು, ಅರ್ಧ ಲೋಟ ಸಕ್ಕರೆ, ಮೂರು ಲೋಟ ಹಿಟ್ಟು. ನಿನ್ನ ಕಣ್ಣೆದುರೇ ಅಳೆದ್ನಲ್ಲ!"

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯಾಕೆ ಒಂದು ಲೋಟ ಹಿಟ್ಟು ಕೇಳಿಕೊಂಡು ಬಂದರು. ಅತ್ತೆ ಲೋಟ ತುಂಬಿ, ಎರಡು ಸಲ ಕುಟ್ಟಿ, ಮೇಲೆ ಗೋಪುರ ಏರಿಸಿ, ಸುತ್ತ ಚೆಲ್ಲುತ್ತಿದ್ದರೂ ಹಾಗೇ ಕೊಟ್ಟರು.

"ಇದೇನು, ಇಷ್ಟೊಂದು?" ಎಂದೆ.

"ಎದುರಿಗೆ ನಿಂತು ನೋಡ್ತಿರೋವಾಗ ಕಡಿಮೆ ಅಳೆಯೋಕಾಗುತ್ತಾ? ಮೂವತ್ತು ವರ್ಷ ಹಿಟ್ಟಿನಂಗಡಿ ನಡೆಸಿದ ಕೈ ಇದು."

ನಿನ್ನೆ ಎದುರಿಗೆ ನಿಂತು ನೋಡಿದವಳು ನಾನು! ಬೆಣ್ಣೆ ಪೊಟ್ಟಣದ ಲೆಕ್ಕ ಬದಲಾಗದು, ಅರ್ಧ ಲೋಟ ಸಕ್ಕರೆಗೆ ಗೋಪುರ ಏರದು. ಹಿಟ್ಟು ಮಾತ್ರ ನನ್ನ ಮರ್ಯಾದೆಗೆಂದು ಹೆಚ್ಚಾಗಿತ್ತು. ಇದನ್ನು ಹೇಳಿದರೆ ಅವರ ಕೈ ಇನ್ನಷ್ಟು ಎಚ್ಚರಾಗುತ್ತದೆ ಎಂದು ಸುಮ್ಮನಾದೆ. ಹಿಟ್ಟಿನ ಡಬ್ಬವನ್ನು ಗುಟ್ಟಾಗಿ ತೂಗಿಟ್ಟು, "ಹೊರಗೆ ಹೋಗಿಬರ್ತೀನಿ, ಮನೆಗೊಂದಿಷ್ಟು ಬಿಸ್ಕತ್ತು ಮಾಡಿ ಅತ್ತೆ" ಎಂದು ಮೆಟ್ಟಿಲ ಮೇಲೆ ಹೋಗಿ ಕೂತೆ. ಆಮೇಲೆ ಬಂದು ಮತ್ತೆ ತೂಗಿ, ಕಡಿಮೆಯಾದದ್ದನ್ನು ಮೂರರಿಂದ ಭಾಗಿಸಿದೆ. ಲೋಟಕ್ಕೆ ನೂರ ಇಪ್ಪತ್ತನಾಲ್ಕು. ಚೀಟಿ ಬರೆದುಕೊಂಡು ಬೇಕರಿಗೆ ಓಡಿದೆ.

ಮೂರು ಗಂಟೆಗೆ ಮೇಲ್ವಿಚಾರಕಿ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದರು. "ನಾಳೆಯಿಂದಲೇ ತನ್ನಿ."

ಮನೆಗೆ ಬಂದವಳೇ ಬೀಗುತ್ತಾ ಎಲ್ಲವನ್ನೂ ಹೇಳಿಬಿಟ್ಟೆ, ಡಬ್ಬ ತೂಗಿದ್ದನ್ನೂ. ಗಂಡ ಬಿದ್ದು ಬಿದ್ದು ನಕ್ಕ. ಅತ್ತೆ ನಗಲಿಲ್ಲ.

"ಮೂವತ್ತು ವರ್ಷ ಅಂಗಡೀಲಿ ಕೂತೆ," ಎಂದರು. "ನಾನು ಅಳೆದದ್ದನ್ನ ನನ್ನ ಬೆನ್ನ ಹಿಂದೆ ತೂಗಿ ನೋಡಿದವಳು ನೀನೊಬ್ಬಳೇ."

ನಿಮ್ಮ ಕೈ ತಪ್ಪು ಅಂತಲ್ಲ ಅತ್ತೆ ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ನಿನ್ನೆ ಅವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಹಿಂದೆಯೇ ಹೋಗಿ ಏನಾದರೂ ಕೇಳೋಣ, ಆ ನೆಪದಲ್ಲಾದರೂ ಮಾತಾಡಿಸೋಣ ಎಂದುಕೊಂಡೆ. ಆದರೆ ಲೆಕ್ಕವೆಲ್ಲ ಚೀಟಿಯಲ್ಲಿತ್ತು. ಅವರನ್ನು ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ.