ಒಂದು ಗಂಟೆಯ ಸಂಘ

ಸಾನ್ ಆಂಟೋನಿಯೋದ ಪಶ್ಚಿಮ ಭಾಗದಲ್ಲಿ ಸ್ವಂತವಾಗಿ ಸಾಕ್ಷ್ಯಚಿತ್ರ ಮಾಡುವ ನಮ್ಮ ಲ್ಯಾಟಿನೋ ಮಂದಿ ಬೇಕಾದಷ್ಟಿದ್ದಾರೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. ಅವರನ್ನೆಲ್ಲ ಸೇರಿಸಿ ಸಂಘ ಕಟ್ಟುತ್ತೇನೆಂದು ಹೊರಟವನು ಇಲಾರಿಯೊ. ನನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿ ಹಿಡಿದವನು ಅವನೇ. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ, ಒಡಹುಟ್ಟಿದವರಿಗಿಂತ ಹೆಚ್ಚು.

ಟಿವಿ ವಾಹಿನಿಯವರು ನಮ್ಮವರಿಗೆಂದು ವರ್ಷಕ್ಕೆ ಒಂದೇ ಒಂದು ಗಂಟೆ ಕೊಡುತ್ತಿದ್ದರು. ಅದಕ್ಕಾಗಿ ಎಲ್ಲರೂ ಕಿತ್ತಾಡುತ್ತಿದ್ದರು. ಯಾರೂ ಬೇರೆಯಾಗಿ ಅರ್ಜಿ ಹಾಕದೆ ಸಂಘವೊಂದೇ ಕೇಳಿದರೆ ಇಡೀ ಸರಣಿಯನ್ನೇ ಕೊಡಬೇಕಾಗುತ್ತದೆ ಎಂಬುದು ಇಲಾರಿಯೊನ ಲೆಕ್ಕ. ತನ್ನ ಕ್ಯಾಮೆರಾವನ್ನು ಮೂಲೆಗಿಟ್ಟು ಮನೆಮನೆ ಅಲೆದ. ಕೊನೆಗೊಂದು ಭಾನುವಾರ ಪೂಜೆ ಮುಗಿಸಿ, ಅವನ ಅಂಗಳದಲ್ಲಿ ಬಾರ್ಬಕೋವಾ ಮಾಂಸವನ್ನು ಟೋರ್ಟಿಯಾ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾ, ಯಾರೂ ಬೇರೆಯಾಗಿ ಕೇಳುವುದಿಲ್ಲವೆಂದು ಎಲ್ಲರೂ ಎದೆ ಮುಟ್ಟಿ ಆಣೆಯಿಟ್ಟರು. ಎಲ್ಲರಿಗಿಂತ ಜೋರಾಗಿ ಕೂಗಿದವನು ರೊಕೆ.

ಮರುದಿನ ನಾನು ನನ್ನ ಚಿತ್ರಸಂಕಲನದ ಕೋಣೆಯ ಬೀಗ ತೆಗೆಯುವಷ್ಟರಲ್ಲೇ ಅದೇ ರೊಕೆ ಟೇಪು ಹಿಡಿದು ನಿಂತಿದ್ದ.

"ಅಕ್ಕಾ, ವಾಹಿನಿಗೆ ಕಳ್ಸೋಕೆ ಒಂದು ಸ್ಯಾಂಪಲ್ ಮಾಡ್ಕೊಡು. ಇಲಾರಿಯೊಗೆ ಗೊತ್ತಾಗ್ಬಾರ್ದು."

"ನಿನ್ನೆ ಮುಟ್ಕೊಂಡ್ಯಲ್ಲೋ ಎದೆ, ಅದನ್ನ ಮನೇಲಿ ಬಿಟ್ಟು ಬಂದ್ಯಾ?"

"ಉಳಿದೋರೇನು ಸುಮ್ನಿರ್ತಾರಾ? ನಾನೊಬ್ನೇ ಯಾಕೆ ಪೆದ್ದನಾಗ್ಲಿ?"

ಮಧ್ಯಾಹ್ನ ಬೆಲೆನ್ ಬಂದಳು. ಅವಳದೂ ಅದೇ ರಾಗ. ಸ್ಪ್ಯಾನಿಷ್ ಮಾತಿನ ಎಳೆ ಹಿಡಿದು ಸಂಕಲನ ಮಾಡುವವಳು ಊರಿಗೆ ನಾನೊಬ್ಬಳೇ. ವಾರ ಕಳೆಯುವುದರೊಳಗೆ ಆಣೆಯಿಟ್ಟವರಲ್ಲಿ ಬಾರದವರು ಯಾರೂ ಉಳಿಯಲಿಲ್ಲ. ಮೈಯೆಲ್ಲ ಉರಿಯಿತು. ಆದರೂ ನನ್ನ ಒಲೆ ಉರಿಯಬೇಕಲ್ಲ, ಮಾಡಿಕೊಟ್ಟೆ. ಇಲಾರಿಯೊ ಎದುರು ಸಿಕ್ಕಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ, ಅವನ ಉತ್ಸಾಹ ನೋಡಿ ಬಾಯಿ ಬರುತ್ತಿರಲಿಲ್ಲ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಸಂಘದ ಅರ್ಜಿ ಹಿಡಿದು ವಾಹಿನಿಗೆ ಹೋದ. ಅಲ್ಲಿನ ಅಧಿಕಾರಿಣಿ ಎಲ್ಲರ ಟೇಪುಗಳನ್ನೂ ಒಂದೊಂದಾಗಿ ಹಾಕಿ ತೋರಿಸಿದಳಂತೆ. ಇವರಲ್ಲೇ ಒಬ್ಬರಿಗೆ ಆ ಒಂದು ಗಂಟೆ, ಸಂಘಕ್ಕೆ ಏನೂ ಇಲ್ಲ ಎಂದಳಂತೆ.

ಅಲ್ಲಿಂದ ಅವನು ನೇರವಾಗಿ ನನ್ನಲ್ಲಿಗೆ ಬಂದ.

"ಎಲ್ಲಾ ಟೇಪಲ್ಲೂ ಮೊದಲ ಮಾತಿಗೆ ಮುಂಚೆ ಒಂದು ಉಸಿರಿನಷ್ಟು ಹೊತ್ತು ಪರದೆ ಕತ್ತಲಾಗಿತ್ತು ಕೊಮಾದ್ರೆ. ಹಾಗೆ ಬಿಡೋಳು ನೀನೊಬ್ಳೇ."

"ಬೈದ್ಬಿಡು ಕೊಂಪಾದ್ರೆ."

"ಯಾಕೆ ಬೈಲಿ? ಚೆನ್ನಾಗೇ ಮಾಡಿದೀಯ." ಕೋಟಿನೊಳಗಿಂದ ಒಂದು ಟೇಪು ತೆಗೆದು ನನ್ನ ಮೇಜಿನ ಮೇಲಿಟ್ಟ. "ಇದು ನಮ್ಮಮ್ಮನ ಚಿತ್ರ. ಕೂಲಿಗೆ ಪೆಕಾನ್ ಕಾಯಿ ಒಡೆದು ಒಡೆದು ಬೆರಳೇ ಸೊಟ್ಟಗಾಗಿತ್ತು ಅವಳಿಗೆ. ಬರೋ ವರ್ಷಕ್ಕೆ ಕಳಿಸ್ತೀನಿ. ನಮ್ಮ ಸಂಘದೋರೆಲ್ಲ ಮತ್ತೆ ಸಭೆ ಸೇರೋದ್ರೊಳಗೆ ಮುಗಿಸ್ಕೊಡು."

"ಸಂಘದ ಹೆಸರಲ್ಲೇನು?"

"ನನ್ನ ಹೆಸರಲ್ಲಿ."

ರೊಕೆಯನ್ನಾದರೆ ಹಂಗಿಸಿದ್ದೆ. ಇವನ ಮುಂದೆ ಅಳು ಬಂತು. ಯಾರಾದರೂ ಟೇಪು ನೋಡಿಯಾರೆಂದು ಅವನೇ ಹೋಗಿ ಬಾಗಿಲು ಹಾಕಿದ.