ಮೊಣಕಾಲ ಹಿಂದಿನ ಅಂಚು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿದ್ದ ಕಾರ್ಯಾಗಾರದಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಕೃತಕ ಕಾಲು ಮಾಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಕಾಲಕ್ಕ. ವೈದ್ಯರು ಕೂಡ ಚೀಟಿಯ ಕೆಳಗೆ ‘ಕಾಲಕ್ಕನಿಗೆ ತೋರಿಸಿ’ ಎಂದು ಗೀಚಿ ಕಳಿಸುತ್ತಿದ್ದರು. ಕಾಲು ಕಳೆದುಕೊಂಡವರು ಅವಳ ಬಳಿಗೆ ಬರುವ ಹೊತ್ತಿಗೆ ಅತ್ತು ಮುಗಿಸಿರುತ್ತಿದ್ದರು. ಅವಳು ಅಳತೆ ತೆಗೆದುಕೊಳ್ಳುತ್ತ ಒಂದೆರಡು ಹಾಸ್ಯ ಮಾಡಿ, ಮೂರನೆಯ ಸಲ ಬರುವಷ್ಟರಲ್ಲಿ ಅವರನ್ನು ಜಗಳಕ್ಕೆ ಬರುವಷ್ಟು ಗಟ್ಟಿ ಮಾಡಿರುತ್ತಿದ್ದಳು.

ಎಂಟು ವರ್ಷದ ಹಿಂದೆ ಆಸ್ಪತ್ರೆಯವರು ಅವಳನ್ನು ಮೊದಲ ಬಾರಿಗೆ ವೃತ್ತಿಯ ಸಮ್ಮೇಳನಕ್ಕೆ ಕಳಿಸಿದರು. ಮುಂದಿನ ಸಾಲುಗಳು ವೈದ್ಯರಿಗೆ, ನಡುವಿನವು ಸಾಮಾನು ಮಾರುವ ಕಂಪನಿಗಳಿಗೆ. ಕೈಯಾರೆ ಕಾಲು ಮಾಡುವ ನಾಲ್ಕು ಜನರಿಗೆ ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೇಜು. ತಲೆಯ ಮೇಲಿಂದ ಸಾರಿನ ಪಾತ್ರೆಗಳು ಹಾದುಹೋಗುತ್ತಿದ್ದವು. ಅದೇ ಒಳ್ಳೆಯದಾಯಿತು. ವೇದಿಕೆಯ ಮಾತು ಅಲ್ಲಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ನಾಲ್ವರೂ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಪ್ಲಾಸ್ಟರ್ ಪುಡಿಗೆ ದಿನವಿಡೀ ಸೀನುವ ಹೆಂಗಸು ಸೀನಕ್ಕ ಆದಳು. ನಿವೃತ್ತಿಗೆ ಹತ್ತಿರವಿದ್ದವರು ತಾತ. ಡಿಗ್ರಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ, ಒಂದು ಮಾತು ಕೇಳಿದರೆ ಹತ್ತು ಹೇಳುವ ತರುಣನ ಹೆಸರು ಭಾಷಣ ಎಂದಾಯಿತು. ಕೊನೆಯ ದಿನ ಫೋನಿನಲ್ಲಿ ಗುಂಪು ಮಾಡಿದವನೂ ಅವನೇ. “ನಾಲ್ಕು ಕಾಲು ಸೇರಿದ ಮೇಲೆ ಇನ್ನೇನು, ‘ಮೇಜು’ ಅಂತಲೇ ಇಡೋಣ,” ಎಂದಿದ್ದ.

ಬೇರೆ ಬೇರೆ ಊರಿನ ನಾಲ್ಕು ಜನ ಆಮೇಲೆ ಒಬ್ಬರನ್ನೊಬ್ಬರು ಕಂಡದ್ದು ಎರಡೇ ಸಲ. ಆದರೆ ಗುಂಪಿನಲ್ಲಿ ಮಾತಿಲ್ಲದ ದಿನವಿರಲಿಲ್ಲ. ಪಾದ ಒಳಕ್ಕೆ ತಿರುಗುತ್ತಿದ್ದರೆ ವಿಡಿಯೋ ಹಾಕುತ್ತಿದ್ದರು, ಅರ್ಧ ಗಂಟೆಯಲ್ಲಿ ಯಾರಾದರೂ ತಪ್ಪು ಹೇಳುತ್ತಿದ್ದರು. ಸೀನಕ್ಕನ ಗಂಡನಿಗೆ ಎದೆನೋವು ಬಂದ ವಾರ ಕಾಲಕ್ಕ ದಿನಕ್ಕೆ ಮೂರು ಸಲ ಕರೆ ಮಾಡಿದ್ದಳು. ತಾತ ಮಾತ್ರ ದಿನಾ ಬೆಳಿಗ್ಗೆ ಒಂದು ಸೂರ್ಯೋದಯದ ಚಿತ್ರ ಕಳಿಸಿ ತೆಪ್ಪಗಾಗುತ್ತಿದ್ದರು.

ಎರಡು ವರ್ಷದ ಹಿಂದೆ ಕಾಲಕ್ಕನ ಬಳಿಗೆ ಆರು ವರ್ಷದ ಹುಡುಗಿಯೊಬ್ಬಳು ಬಂದಳು. ಅಪಘಾತದಲ್ಲಿ ಮೊಣಕಾಲ ಕೆಳಗಿನ ಕಾಲು ಹೋಗಿತ್ತು. ಬೆಳೆಯುವ ಮಕ್ಕಳದ್ದು ಇದೇ ತೊಂದರೆ. ಉಳಿದ ಕಾಲು ಕೂರುವ ಬಟ್ಟಲು ಆರೇಳು ತಿಂಗಳಿಗೇ ಬಿಗಿಯಾಗುತ್ತದೆ. ಪದರ ತೆಗೆದರೆ ಸಡಿಲವಾಗುವ ಬಟ್ಟಲುಗಳು ಇಲ್ಲದಿಲ್ಲ, ಆದರೆ ಅವು ಅವಳ ಆಸ್ಪತ್ರೆಗೆ ಎಟುಕುವಂಥವಲ್ಲ. ಅವಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ತನ್ನಲ್ಲಿದ್ದ ಮಾಮೂಲಿ ಪ್ಲಾಸ್ಟಿಕ್ ಹಾಳೆಯಲ್ಲೇ ಒಂದರೊಳಗೊಂದು ಕೂರುವ ಮೂರು ಪದರ ಮಾಡಿದಳು. ಕಾಲು ದಪ್ಪವಾದಾಗ ಒಳಗಿನ ಪದರ ಕಿತ್ತರೆ ಸಾಕು. ಖುಷಿಯಲ್ಲಿ ಭಾಷಣನಿಗೆ ವಿಡಿಯೋ ಕರೆ ಮಾಡಿ, ನಲವತ್ತು ನಿಮಿಷ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ತೋರಿಸಿದಳು. ಅವನು, “ಅಕ್ಕಾ, ಫೋಟೋನೂ ಕಳಿಸಿ,” ಎಂದ. ಕಳಿಸಿದಳು.

ಮೊದಲ ಪದರ ಕಿತ್ತ ಹನ್ನೊಂದನೆಯ ದಿನ ಹುಡುಗಿಯ ಅಜ್ಜಿ ಓಡೋಡಿ ಬಂದರು. ಮೂರೂ ಪದರಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿದ್ದರಿಂದ, ಒಳಗಿನದು ಹೋದ ಮೇಲೆ ಅದರ ಹೊರಗಿದ್ದ ಪದರದ ಅಂಚು ಮೊಣಕಾಲಿನ ಹಿಂಬದಿಯನ್ನು ಕೊರೆದು ಹುಣ್ಣು ಮಾಡಿತ್ತು. ಮಗು ಆರು ವಾರ ಕಾಲು ತೊಡಲಾಗಲಿಲ್ಲ. ಕಾಲಕ್ಕನಿಗೆ ಆ ಆರು ವಾರ ಅನ್ನ ಸೇರಲಿಲ್ಲ. ಒಂದೊಂದು ಪದರವನ್ನೂ ಒಂದು ಬೆರಳು ತಗ್ಗಿಸಿ ಕತ್ತರಿಸಿ, ಅಂಚನ್ನು ಹೊರಕ್ಕೆ ಬಾಗಿಸಿ ಉಜ್ಜಿದ ಮೇಲೆ ಸರಿಹೋಯಿತು. ಅದನ್ನು ಗುಂಪಿನಲ್ಲಿ ಏಳು ಧ್ವನಿಸಂದೇಶಗಳಲ್ಲಿ ವಿವರವಾಗಿ ಹೇಳಿದಳು. ತನ್ನ ತಪ್ಪಿಂದ ಮಗು ನರಳಿತು ಎಂಬುದನ್ನೂ ಮುಚ್ಚಿಡದೆ ಹೇಳಿದಳು.

ಈ ವರ್ಷದ ಸಮ್ಮೇಳನಕ್ಕೆ ಆಸ್ಪತ್ರೆಯವರು ಅವಳನ್ನು ಕಳಿಸಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಹುಡುಗಿ ಅಜ್ಜಿಯ ಜೊತೆ ಅಳತೆಗೆ ಬಂದಿದ್ದಳು. ಕಾಲಕ್ಕ ಫೋನನ್ನು ಕೆಲಸದ ಮೇಜಿನ ಮೇಲೆ ಒರಗಿಸಿ ನೇರಪ್ರಸಾರ ಹಾಕಿದ್ದಳು. ವೇದಿಕೆಯ ಮೇಲೆ ಭಾಷಣ ನಿಂತಿದ್ದ. ಈಗ ಅವನು ದೊಡ್ಡ ಕೇಂದ್ರವೊಂದರ ಮುಖ್ಯಸ್ಥ. ಹಿಂದಿನ ಪರದೆಯಲ್ಲಿ ಚಿತ್ರವೊಂದು ಮೂಡಿತು.

“ಅದು ನನ್ನ ಕಾಲು,” ಎಂದಳು ಹುಡುಗಿ.

ಅಜ್ಜಿ ಕನ್ನಡಕ ಏರಿಸಿ ನೋಡಿದರು. ಬಟ್ಟಲಿನ ಬದಿಯಲ್ಲಿ ಹುಡುಗಿ ಸ್ಕೆಚ್ ಪೆನ್ನಿನಿಂದ ಬರೆದಿದ್ದ ಬೆಕ್ಕು ಹಾಗೇ ಇತ್ತು. ಅದನ್ನು ಹಿಡಿದ ಹೆಬ್ಬೆರಳೂ ಇತ್ತು, ಬಿಸಿ ಹಾಳೆ ತಗುಲಿ ಅರ್ಧ ಉಗುರು ಹೋದ ಕಾಲಕ್ಕನ ಹೆಬ್ಬೆರಳು. ಚಿತ್ರದ ಕೆಳಗೆ ಭಾಷಣನ ಹೆಸರೊಂದೇ.

ಅವಳ ಮೈಯೆಲ್ಲ ಹೊತ್ತಿಕೊಂಡಿತು. ಹುಡುಗಿಯ ಮುಂದೆ ಬೈಯಬಾರದೆಂದು ತುಟಿ ಕಚ್ಚಿದಳು. ಆದರೆ ಮುಂದಿನ ಚಿತ್ರ ಬಂದಾಗ ಆ ಕೋಪ ಹಿಂದಕ್ಕೆ ಸರಿದು ಬೇರೊಂದು ಎದ್ದಿತು. ಹೇಗೆ ಕತ್ತರಿಸಬೇಕು ಎಂದು ಅವನು ತೋರಿಸುತ್ತಿದ್ದ. ಮೂರೂ ಪದರ ಒಂದೇ ಮಟ್ಟಕ್ಕೆ.

“ಪೂರ್ತಿ ವಿಧಾನ ಮುದ್ರಿಸಿ ನಿಮಗೆ ಕೊಟ್ಟ ಸಮ್ಮೇಳನದ ಚೀಲದಲ್ಲಿ ಇಟ್ಟಿದ್ದೀವಿ. ನಾಳೆಯಿಂದಲೇ ಶುರು ಮಾಡಬಹುದು,” ಎನ್ನುತ್ತಿದ್ದ ಅವನು.

ಫೋನಿನಲ್ಲಿ ಪ್ರಸಾರದ ಕೆಳಗಿದ್ದ ಪ್ರಶ್ನೆಯ ಜಾಗದಲ್ಲಿ ಅವಳು ಗಡಿಬಿಡಿಯಲ್ಲಿ ಬೆರಳಾಡಿಸಿದಳು. ‘ಅಂಚು ತಪ್ಪು, ಹುಣ್ಣಾಗುತ್ತದೆ’. ಕಳಿಸಲು ಒತ್ತಿದರೆ, ನಿಮ್ಮ ಪದವಿಯ ವಿವರ ತುಂಬಿ ಎಂದಿತು. ಅವಳು ಹೈಸ್ಕೂಲು ಮುಗಿಸಿ ಕೆಲಸ ಕಲಿತವಳು. ಆ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅವಳು ಸಭಾಂಗಣದಲ್ಲಿದ್ದ ಸೀನಕ್ಕನಿಗೆ ಕರೆ ಮಾಡಿದಳು.

“ನೋಡ್ತಾ ಇದ್ದೀನಿ ಕಣೆ,” ಎಂದು ಆಚೆಯಿಂದ ಪಿಸುದನಿ ಬಂತು. “ಕೂತಲ್ಲೇ ಕುದೀತಾ ಇದ್ದೀನಿ. ಎದ್ದು ಹೋಗಿ ಕೊರಳಪಟ್ಟಿ ಹಿಡೀಲಾ?”

“ಕೊರಳಪಟ್ಟಿ ಹಾಳಾಗಿಹೋಗಲಿ. ಅಂಚು ನೋಡಿದ್ಯಾ? ಇನ್ನೂರು ಜನ ಬರ್ಕೊಳ್ತಾ ಇದ್ದಾರೆ. ನನ್ನನ್ನ ಮೈಕಿಗೆ ಹಿಡಿ.”

ಸೀನಕ್ಕ ಎದ್ದು ಹೊರಟಳು. ಅಡುಗೆಮನೆ ಬಾಗಿಲ ಪಕ್ಕದಿಂದ ನಡುದಾರಿಯವರೆಗೆ ಅವಳ ಚಪ್ಪಲಿ ಸದ್ದು, ಯಾರೋ ತಡೆದದ್ದು, ಅವಳು ಎರಡು ಸಲ ಸೀನಿದ್ದು ಎಲ್ಲವೂ ಫೋನಿನಲ್ಲಿ ಕೇಳಿಸಿತು. ಆಮೇಲೆ ಕಾಲಕ್ಕನಿಗೆ ತನ್ನ ಉಸಿರೇ ದೊಡ್ಡದಾಗಿ ತಿರುಗಿ ಕೇಳಿಸತೊಡಗಿತು.

“ಆ ಚಿತ್ರದಲ್ಲಿರೋ ಕಾಲು ನಾನು ಮಾಡಿದ್ದು. ಅದನ್ನ ಆಮೇಲೆ ಮಾತಾಡೋಣ. ಮೊದಲು ನೀವು ಬರ್ಕೊಂಡಿದ್ದನ್ನ ಹೊಡೆದುಹಾಕಿ. ಹಾಗೆ ಕತ್ತರಿಸಬೇಡಿ.”

“ನೋಡಿಮ್ಮ, ಪ್ರಶ್ನೆ ಇದ್ರೆ ಕೇಳಿ. ಹೇಳಿಕೆಗೆ ಸಮಯ ಇಲ್ಲ,” ಎಂದರು ವೇದಿಕೆಯಲ್ಲಿದ್ದ ಸಭೆಯ ಅಧ್ಯಕ್ಷರು.

“ಪ್ರಶ್ನೆನೇ ಕೇಳ್ತೀನಿ. ಒಳಪದರ ಕಿತ್ತ ಎಷ್ಟನೇ ದಿನಕ್ಕೆ ಹುಣ್ಣಾಯ್ತು ಅಂತ ಅವರು ಹೇಳಲಿ.”

ಪರದೆಯಲ್ಲಿ ಭಾಷಣನ ಮುಖ ಬಿಳಿಚಿಕೊಂಡಿತು. ಅವಳ ದನಿ ಅವನಿಗೆ ಗುರುತು ಸಿಗದೆ ಇರುತ್ತದೆಯೇ? “ನಮ್ಮ ಅನುಭವದಲ್ಲಿ ಅಂಥಾ ತೊಂದರೆ ಕಂಡುಬಂದಿಲ್ಲ,” ಎಂದ.

“ಹನ್ನೊಂದನೇ ದಿನ. ಆ ಮಗು ಇಲ್ಲಿ ನನ್ನ ಎದುರಿಗೇ ಕೂತಿದೆ. ಪ್ರತಿ ಪದರಾನೂ ಒಂದು ಬೆರಳು—”

ಮೈಕು ಸತ್ತಿತು. ನೇರಪ್ರಸಾರದಲ್ಲಿ ಯಾವುದೋ ಪಾದದ ಜಾಹೀರಾತು ಓಡತೊಡಗಿತು.

ಸಂಜೆ ಅವನೇ ಕರೆ ಮಾಡಿದ. “ಅಕ್ಕಾ, ಅಷ್ಟು ಜನರ ಎದುರಿಗೆ ಮಾನ ಕಳೆದ್ರಲ್ಲ. ಡಿಗ್ರಿ ಇಲ್ಲದವರು ಸೇರಿದ್ರೆ ಪ್ರಬಂಧನೇ ತಗೊಳಲ್ಲ ಅನ್ನೋದು ಅವರ ನಿಯಮ. ಹೇಗೋ ಒಂದು ವಿಧಾನ ನಾಲ್ಕು ಜನಕ್ಕೆ ತಲುಪಲಿ ಅಂತ ನಾನು...”

“ನನ್ನನ್ನ ಒಂದು ಮಾತು ಕೇಳೋಕೆ ಯಾವ ನಿಯಮ ಅಡ್ಡ ಬಂತು?”

ಅವನು ಮತ್ತೆ ನಿಯಮದ ಮಾತನ್ನೇ ಎತ್ತಿದ.

“ಹೋಗಲಿ, ಹುಣ್ಣಿನ ವಿಷಯ ಏಳು ಸಲ ಹೇಳಿದ್ದೀನಲ್ಲ ಗುಂಪಲ್ಲಿ. ಅದನ್ನ ಯಾಕೆ ಬಿಟ್ಟೆ?”

“ನಾನು ಕೇಳಿಸ್ಕೊಂಡಿಲ್ಲ ಅಕ್ಕಾ. ತಾತನ ಸೂರ್ಯನ ಕಾಟಕ್ಕೆ ಗುಂಪನ್ನ ಮ್ಯೂಟ್ ಮಾಡಿ ವರ್ಷದ ಮೇಲಾಯ್ತು. ಕೆಲಸ ಜಾಸ್ತಿ ಆಗಿ...”

“ನನ್ನ ಕೆಲಸ ಬೇಕಾಗಿತ್ತು, ನನ್ನ ಮಾತು ಬೇಡವಾಗಿತ್ತು,” ಎಂದಳು ಅವಳು. “ಅತ್ತುಕೊಂಡು ಕೂರಬೇಡ. ನಿನ್ನ ಕಾಗದ ಯಾರ್ಯಾರ ಚೀಲಕ್ಕೆ ಹೋಗಿದೆಯೋ ಒಬ್ಬೊಬ್ಬರಿಗೂ ಫೋನ್ ಮಾಡಿ ತಪ್ಪು ಅಂತ ಹೇಳು.”

ಅವಳು ಸಮ್ಮೇಳನ ನಡೆಸಿದ ಸಂಘಕ್ಕೂ ಪತ್ರ ಬರೆದಳು. ಹತ್ತು ದಿನದ ಮೇಲೆ ಉತ್ತರ ಬಂತು: ತಾಂತ್ರಿಕ ಸಿಬ್ಬಂದಿಯನ್ನು ಉಲ್ಲೇಖಿಸುವ ಪದ್ಧತಿ ಇಲ್ಲ, ಅಂಚಿನ ಕುರಿತ ತಿದ್ದುಪಡಿಯನ್ನು ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಪರಿಶೀಲಿಸಲಾಗುವುದು. ಅವಳು ಅದನ್ನು ಮೂರು ಸಲ ಓದಿದಳು. ವಾರ್ಷಿಕ ಸಂಚಿಕೆಗೆ ಹತ್ತು ತಿಂಗಳಿತ್ತು. ಅಷ್ಟರಲ್ಲಿ ಎಷ್ಟು ಮೊಣಕಾಲುಗಳ ಹಿಂದೆ ಚರ್ಮ ಕಿತ್ತುಬರುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದೂ ಸುಮ್ಮನಿದ್ದರೆ ಇನ್ನೂ ಕಷ್ಟ.

“ಇವರ ಸಂಚಿಕೆಗೆ ಕಾಯ್ತಾ ಕೂರೋಕಾಗಲ್ಲ,” ಎಂದು ಗುಂಪಿನಲ್ಲಿ ಹೇಳಿದಳು.

ಸೀನಕ್ಕ ರಜೆ ಹಾಕಿ ಬಸ್ಸು ಹತ್ತಿ ಬಂದಳು. ಇಬ್ಬರೂ ಸೇರಿ ಹನ್ನೊಂದು ನಿಮಿಷದ ವಿಡಿಯೋ ಮಾಡಿದರು. ಮುಖ ಕಾಣಿಸದ ಹಾಗೆ ಮಗುವಿನ ವಾಸಿಯಾದ ಗಾಯ ತೋರಿಸಬಹುದೇ ಎಂದು ಕೇಳಿದಾಗ ಅಜ್ಜಿ, “ತೋರಿಸಿ ತಾಯಿ. ಬೇರೆ ಮಕ್ಕಳು ಯಾಕೆ ಅನುಭವಿಸಬೇಕು?” ಎಂದರು. ಹುಡುಗಿ ಬೆಕ್ಕೂ ಕಾಣಬೇಕೆಂದು ಹಟ ಹಿಡಿದಳು. ತಪ್ಪಾಗಿ ಕತ್ತರಿಸಿದ ಬಟ್ಟಲನ್ನು ಮೊದಲು ತೋರಿಸಿ, “ಇದು ನನ್ನದೇ ತಪ್ಪು,” ಎಂದು ಕಾಲಕ್ಕ ಶುರು ಮಾಡಿದಳು. ತಾತ ಅದನ್ನು ನಲವತ್ತು ವರ್ಷದಲ್ಲಿ ಪರಿಚಯವಾದ ಪ್ರತಿಯೊಬ್ಬರಿಗೂ ಕಳಿಸಿ, ನೋಡಿದಿರಾ ಎಂದು ಮರುದಿನ ಫೋನು ಮಾಡಿ ವಿಚಾರಿಸಿದರು.

ಕರೆಗಳು ಬರತೊಡಗಿದವು. ಬಹಳ ಜನ ಇನ್ನೂ ಶುರು ಮಾಡಿರಲಿಲ್ಲ. ಭಾಷಣನೂ ತನ್ನ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದಾನೆಂದು ಅವರಿಂದಲೇ ತಿಳಿಯಿತು. ಗುಂಪಿನಲ್ಲಿ ಅವನು ಕ್ಷಮೆ ಕೇಳಿ ಉದ್ದವಾಗಿ ಬರೆದ. ಅವಳು ಓದಿದಳು, ಉತ್ತರ ಕೊಡಲಿಲ್ಲ.

“ತೆಗೆದುಹಾಕಿಬಿಡಲಾ ಅವನನ್ನ?” ಎಂದು ಸೀನಕ್ಕ ಕೇಳಿದಳು.

“ತೆಗೆದರೆ ಅವನಿಗೆ ಆರಾಮ. ಇರಲಿ. ದಿನಾ ಕೇಳಿಸ್ಕೊಳ್ಳಲಿ.”

ಮರುವಾರ ದೂರದ ಊರಿನಿಂದ ಒಬ್ಬಾತ ಫೋನು ಮಾಡಿ, ದನಿ ತಗ್ಗಿಸಿ ಹೇಳಿದ. ಕಾಗದ ನೋಡಿ ಎರಡು ಮಕ್ಕಳಿಗೆ ಮಾಡಿದ್ದನಂತೆ. ಒಂದಕ್ಕೆ ಆಗಲೇ ಚರ್ಮ ಕೆಂಪಾಗಿದೆಯಂತೆ. “ಸಮ್ಮೇಳನದಲ್ಲಿ ಹೇಳಿದ್ದು ಅಂತ ನಂಬಿಬಿಟ್ಟೆ ಅಕ್ಕಾ.”

ಕಾಲಕ್ಕನಿಗೆ ಸಿಟ್ಟು ಉಕ್ಕಿತು. ಆ ಸಿಟ್ಟು ಅವನ ಮೇಲಿನದಲ್ಲ ಎಂದು ಅವನಿಗೆ ಗೊತ್ತಾಗುವಷ್ಟು ಮೆತ್ತಗೆ ಮಾತಾಡಲು ಅವಳು ಒಂದು ಗಳಿಗೆ ಕಾಯಬೇಕಾಯಿತು.

“ಈಗಲೇ ಆ ಎರಡೂ ಕಾಲು ಬಿಚ್ಚಿಸಿ ತರಿಸ್ಕೊಳ್ಳಿ,” ಎಂದಳು. “ಕ್ಯಾಮೆರಾ ಹಾಕಿ. ನಿಮ್ಮ ಹತ್ರ ಉಜ್ಜೋ ಕಲ್ಲು ಯಾವುದಿದೆ, ತೋರಿಸಿ.”